ಸುರಪುರದಿಂದ ಬಂದ ಅರ್ಧ ಫೈಲು

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ನೀರು ಬಿಡುವ, ನಿಲ್ಲಿಸುವ ಸಂದೇಶಗಳು ಫೈಲುಗಳಾಗಿ ಬರುತ್ತಿದ್ದವು. ನಮ್ಮವರು ಬರೆದದ್ದು ನನ್ನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ, ಸುರಪುರದವರು ಬರೆದದ್ದು ಅಲ್ಲಿಯ ಕಂಪ್ಯೂಟರಿನಲ್ಲಿ. ಯಾದಗಿರಿಯ ತಂತ್ರಜ್ಞ ಹಾಕಿಕೊಟ್ಟ ಪ್ರೋಗ್ರಾಂ ಆಗಾಗ ಎರಡೂ ಕಡೆ ಇಣುಕಿ, ಹೊಸ ಫೈಲು ಕಂಡರೆ ಎತ್ತಿ ತಂದು ಪ್ರಿಂಟ್ ಹೊಡೆಯುತ್ತಿತ್ತು. ಪ್ರಿಂಟರ್ ಕರ್ರೆಂದರೆ ನಾವು ಚಹಾದ ಕಪ್ಪು ಕೆಳಗಿಡುತ್ತಿದ್ದೆವು.

ಒಂದು ಬೆಳಿಗ್ಗೆ ಸುರಪುರದಿಂದ ಬಂದ ಹಾಳೆಯಲ್ಲಿ ಇದ್ದದ್ದು ಇಷ್ಟು: ‘ದುರಸ್ತಿ ಮುಗಿದಿದೆ. ಇಂದೇ ನೀರು ಬಿಡಬಹುದು. ಆದ’.

ನಮ್ಮ ಸಾಹೇಬರು ಖುಷಿಯಾಗಿ, ಗೇಟಿನವನಿಗೆ ಹೇಳಲು ವೈರ್‌ಲೆಸ್ ಎತ್ತಿಕೊಂಡರು. ಕೊನೆಯಲ್ಲಿ ಉಳಿದ ‘ಆದ’ ನನ್ನ ಕಣ್ಣಿಗೆ ಚುಚ್ಚಿತು.

“ಸರ್, ಸ್ವಲ್ಪ ತಡೀರಿ. ಮಾತು ಅರ್ಧಕ್ಕ ನಿಂತದ,” ಎಂದು ಸುರಪುರಕ್ಕೆ ಫೋನು ಹಚ್ಚಿದೆ.

ಅಲ್ಲಿಯ ಆಪರೇಟರ್ ಹಿರಿಯರು. ನಿಧಾನಕ್ಕೆ ಉತ್ತರ ಕೊಟ್ಟರು. “ನಾ ಇನ್ನಾ ಬರಿಯಾಕತ್ತೇನಿ, ತಂಗೆಮ್ಮ. ಕರೆಂಟ್ ಹೋದೀತಂತ ನಡುವ ಸೇವ್ ಮಾಡಿದ್ದೆ. ನೀರು ಬಿಡಬ್ಯಾಡ್ರಿ. ಬೋನಾಳದ ಕಡಿ ಕುರಿಯವರು ಕಾಲುವ್ಯಾಗ ಇಳದಾರ.”

ಸಾಹೇಬರು ವೈರ್‌ಲೆಸ್ ಕೆಳಗಿಟ್ಟು ಜೀಪು ತರಿಸಿದರು. ನಾನೂ ಹತ್ತಿದೆ. ಒಣ ಕಾಲುವೆಯ ತಳದಲ್ಲಿ ಕುರಿಗಳು ಆರಾಮಾಗಿ ಮೇಯುತ್ತಿದ್ದವು. ಸಿಮೆಂಟಿನ ಇಳಿಜಾರು ಹತ್ತುವಾಗ ಅವು ಜಾರುತ್ತಿದ್ದರಿಂದ, ಕುರಿಯವರು ಒಂದೊಂದನ್ನೇ ಹೊತ್ತು ಮೇಲೆ ದಾಟಿಸಿದರು. ಸಾಹೇಬರೂ ಪ್ಯಾಂಟು ಮಡಚಿ ಒಂದು ಮರಿ ಹಿಡಿದರು. ಅದು ಅವರ ಅಂಗಿಯನ್ನು ತೋಯಿಸಿತು. ಹುಲ್ಲು ಚೆನ್ನಾಗಿ ಚಿಗುರಿದೆ, ನೀರು ಇನ್ನೆರಡು ದಿನ ತಡೆಯಬಾರದೇ ಎಂದು ಕುರಿಯವರ ಮನೆಯ ಹೆಂಗಸು ನಮ್ಮನ್ನೇ ಗದರಿಸಿದಳು.

ಮರುದಿನ ನೀರು ಹರಿಯಿತು. ಫೈಲಿನ ಗಾತ್ರ ಬೆಳೆಯುವುದು ನಿಂತ ಮೇಲೆ ಪ್ರೋಗ್ರಾಂ ಅದನ್ನು ಎತ್ತಿದರಾಯಿತು ಎಂದು ಯಾದಗಿರಿಯ ತಂತ್ರಜ್ಞ ಹೇಳಿದ. ಸುರಪುರದವರು ಅರ್ಧ ವಾಕ್ಯ ಬರೆದು ಚಹಾಕ್ಕೆ ಎದ್ದುಹೋದರೂ ಗಾತ್ರ ಬೆಳೆಯದೆ ನಿಲ್ಲುತ್ತದೆಂಬುದು ಅವನಿಗೇನು ಗೊತ್ತು. ಕೊನೆಗೆ, ಬರೆಯುವಾಗ ಫೈಲಿಗೆ ‘ಕಚ್ಚಾ’ ಎಂಬ ಹೆಸರಿರಬೇಕು, ಮುಗಿದ ಮೇಲಷ್ಟೇ ಪಕ್ಕಾ ಹೆಸರು ಇಡಬೇಕು, ಪ್ರೋಗ್ರಾಂ ಕಚ್ಚಾದ ತಂಟೆಗೆ ಹೋಗಬಾರದು ಎಂದು ನಿಯಮ ಮಾಡಿಕೊಂಡೆವು.

ವಾರ ಕಳೆದಿರಲಿಲ್ಲ, ಬೆಳಗಿನಿಂದ ಸುರಪುರದ ಸುದ್ದಿಯೇ ಇಲ್ಲ. ಫೋನು ಮಾಡಿದರೆ ಹಿರಿಯರು, “ಬರದು ಕುಂತೇನಲ್ಲ, ತಂಗೆಮ್ಮ. ಹೆಸರಿಡೋದು ಒಂದು ಮರ್ತೆ,” ಎಂದರು.