ಪಂಡಿತರು ಒಪ್ಪಿದ ಖಾಲಿ ಕುರ್ಚಿ

ಪ್ರಯೋಗಾತ್ಮಕ ಸಿನಿಮಾ ಕಲಿಸುತ್ತಿದ್ದ ಪ್ರೊಫೆಸರರನ್ನು ನಾನು ಮೊದಲು ಕಂಡದ್ದು, ಅವರು ತಮ್ಮ ಬರಹದ ವ್ಯಾಕರಣ ತಿದ್ದಿಸಿಕೊಳ್ಳಲು ನನ್ನ ಕೊಠಡಿಗೆ ಬಂದ ದಿನ. "ಸಿನಿಮಾ ನಾಲ್ಕೇ ನಿಮಿಷ ಮೇಷ್ಟ್ರೇ, ವಿವರಣೆ ಮಾತ್ರ ಅರವತ್ತು ಪುಟ" ಎಂದು ನಾಚಿಕೊಂಡರು. ಅದೇ ವಿಷಯದ ಇಬ್ಬರು ಪಂಡಿತರು ನೋಡಿ ಒಪ್ಪಿದರೆ ಮಾತ್ರ ವಿಶ್ವವಿದ್ಯಾಲಯ ಸಿನಿಮಾವನ್ನು ಸಂಶೋಧನೆಯೆಂದು ಎಣಿಸುತ್ತಿತ್ತು. ಬಡ್ತಿಯೂ ಅದರ ಮೇಲೆಯೇ ನಿಂತಿತ್ತು. ಹಾಗಾಗಿ ಪಂಡಿತರ ಮಾತೆಂದರೆ ಅವರಿಗೆ ವೇದವಾಕ್ಯ. ಒಬ್ಬರು ಸಂಗೀತ ಬೇಡವೆಂದರೆ ಸಂಗೀತ ಹೋಯಿತು, ಇನ್ನೊಬ್ಬರು ಬಣ್ಣ ಬೇಡವೆಂದರೆ ಬಣ್ಣವೂ ಹೋಯಿತು. "ನಾನು ಹೇಗೆ ಕಾಣ್ತೀನಿ ಅಂದ್ರೂ, ಇರು, ಇಬ್ಬರನ್ನ ಕೇಳಿ ಹೇಳ್ತೀನಿ ಅಂತಾರೆ!" ಎಂದು ಪ್ರೊಫೆಸರರ ಹೆಂಡತಿ ನಗುತ್ತಿದ್ದರು. ಪ್ರೊಫೆಸರರಿಗೆ ಪ್ರಶಸ್ತಿ ತಂದ ಚಿತ್ರದಲ್ಲಿರುವುದು ಒಂದು ಖಾಲಿ ಕುರ್ಚಿ, ಅದರ ಮೇಲೆ ಮೆಲ್ಲಗೆ ಸರಿಯುವ ಬಿಸಿಲು, ಅಷ್ಟೇ. ಮೊದಲು ಅದರ ಕೊನೆಯಲ್ಲಿ ಅವರ ತಂದೆ, "ಇನ್ನೂ ಮುಗೀಲಿಲ್ವೇನೋ ನಿಂದು?" ಎನ್ನುತ್ತಾ ಬಂದು ಕೂತುಬಿಡುತ್ತಿದ್ದರಂತೆ. ಮನುಷ್ಯ ಬಂದರೆ ವಿಚಾರ ಕೆಡುತ್ತದೆ ಎಂದು ಪಂಡಿತರೊಬ್ಬರು ಬರೆದರು. ಇವರು ಆ ತುಣುಕನ್ನು ಕತ್ತರಿಸಿ ಎಸೆದರು. ತಂದೆ ತೀರಿಕೊಂಡ ಮೇಲೆ ಮನೆಯೆಲ್ಲ ಹುಡುಕಿದರೆ, ಅವರು ನಡೆದ, ಮಾತಾಡಿದ ಚಿತ್ರ ಇನ್ನೊಂದು ಇರಲಿಲ್ಲ. ಈಗ ಇವರೇ ಒಪ್ಪಿಗೆ ಕೊಡುವ ಪಂಡಿತರು. ಸಿನಿಮಾ ಹೊತ್ತು ತಂದವರನ್ನು ಎದುರಿಗೆ ಕೂರಿಸಿಕೊಂಡು, ಅದನ್ನು ನೋಡುವ ಮೊದಲೇ ಕೇಳುತ್ತಾರೆ: "ಕತ್ತರಿಸಿದ್ದನ್ನ ಎಲ್ಲಿಟ್ಟಿದೀಯ?"