ಸೂಜಿ ಚುಚ್ಚುವಾಗ ಯಾರ ತೊಡೆ

ನನ್ನ ಮೊಮ್ಮಗಳು ನನ್ನನ್ನು ಬರೀ ‘ಆಯಿ’ ಎನ್ನುತ್ತಾಳೆ, ಸೊಸೆಯ ತಾಯಿಯನ್ನು ‘ರಬಕವಿ ಆಯಿ’ ಎನ್ನುತ್ತಾಳೆ. ಊರಿನ ಹೆಸರು ಹಚ್ಚದೆ ಕರೆಸಿಕೊಳ್ಳುವ ಅಜ್ಜಿ ನಾನೊಬ್ಬಳೇ ಎಂದು ಬಹಳ ದಿನ ಒಳಗೊಳಗೇ ಹಿಗ್ಗಿದ್ದೆ. ಆಮೇಲೆ ಅನುಮಾನ ಶುರುವಾಯಿತು. ದಿನಾ ಕಣ್ಣೆದುರಿಗಿರುವ ನೀರಿನ ಕೊಡಕ್ಕೂ ಯಾರೂ ಊರಿನ ಹೆಸರು ಹಚ್ಚುವುದಿಲ್ಲ.

ಸೊಸೆ ಬಾಣಂತನಕ್ಕೆ ತವರಿಗೆ ಹೋದಳು. ಅದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ, ತಕರಾರಿಲ್ಲ. ಆದರೆ ಕೂಸಿನ ಮೊದಮೊದಲ ಲಸಿಕೆಗಳೆಲ್ಲ ಅಲ್ಲೇ ಆದವು, ಬೀಗತಿಯ ತೊಡೆಯ ಮೇಲೆ. ಇಲ್ಲಿ ಜಮಖಂಡಿಯ ನಮ್ಮ ಮನೆಗೆ ಬಂದ ನಂತರವೂ ಒಂದೂವರೆ ವರ್ಷದ ಸೂಜಿಗೆ ಸೊಸೆ ಕೂಸನ್ನು ರಬಕವಿಗೇ ಎತ್ತಿಕೊಂಡು ಹೋದಳು. “ಅವ್ವಗ ಹಿಡದು ರೂಢಿ ಐತ್ರಿ ಅತ್ತಿ” ಎಂದಳು. ನನಗೇನು ಕೈಯಿಲ್ಲವೇ? ನಾನು ಇಲ್ಲಿ ಫೋನ್ ಹಿಡಿದು ಕೂತೆ. ಮಧ್ಯಾಹ್ನ ವಿಡಿಯೋ ಬಂತು. ಮೈ ಬೆಚ್ಚಗಾದ ಕೂಸು ಬೀಗತಿಯ ಪಡಸಾಲೆಯಲ್ಲಿ ಪವರ್‌ಲೂಮಿನ ಖಟಖಟದ ನಡುವೆ ನಿಶ್ಚಿಂತೆಯಿಂದ ಮಲಗಿತ್ತು. ನಮ್ಮ ಮನೆಯಲ್ಲಾದರೆ ಪಿಸುಮಾತಿಗೂ ಎಚ್ಚರಾಗುವ ಹುಡುಗಿ. ಮರುವಾರ ಅದು ನಮ್ಮಲ್ಲಿ ಹಗಲು ಮಲಗಲೊಲ್ಲೆ ಎಂದು ಹಟ ಹಿಡಿದಾಗ ನಾನು ಮಿಕ್ಸರ್ ಚಾಲೂ ಮಾಡಿ ನೋಡಿದೆ. ಯಜಮಾನರು ಬಂದು ಇಣುಕಿದರು. “ಖಾಲಿ ಭಾಂಡೆದಾಗ ಏನ ರುಬ್ಬಾಕತ್ತಿ?” ಎಂದರು. ಹೊಟ್ಟೆಕಿಚ್ಚು ಎಂದು ಹೇಳಲಾಗಲಿಲ್ಲ.

ಈ ಸಲ ಐದು ವರ್ಷದ ಸೂಜಿ. ಹುಡುಗಿ ಇಲ್ಲಿಯ ಸಾಲಿಗೆ ಹೋಗುವುದರಿಂದ ಸೂಜಿಯೂ ಇಲ್ಲೇ ಎಂದು ಖಾತ್ರಿಯಾದ ದಿನದಿಂದ ನಾನು ತಯಾರಿಗೆ ಇಳಿದೆ. ಮಗ ಮೊದಲೇ ತಾಕೀತು ಮಾಡಿದ್ದ: “ಅವ್ವಾ, ಹುಡುಗಿಗೆ ಸುಳ್ಳ ಹೇಳಬ್ಯಾಡ. ಸೂಜಿ ಅಂದ್ರ ಸೂಜಿ ಅನ್ನು. ನೋವಾಗತೈತಿ, ಲಗೂನ ಹೋಗತೈತಿ ಅಂತ ಹೇಳು.” ಬೀಗತಿಯಾದರೆ ‘ಇರಿವಿ ಕಡೀತೈತಿ’ ಎಂದು ಪುಸಲಾಯಿಸುವವಳು. ನಾನು ಖರೆ ಮಾತಿನ ಪಕ್ಷ. ಖರೆ ಹೇಳಿದವಳ ತೊಡೆಯೇ ಈ ಸಲ ಗೆಲ್ಲುತ್ತದೆ ಎಂದು ಲೆಕ್ಕ ಹಾಕಿದ್ದೆ.

ಕೆಮ್ಮಿನ ಔಷಧಿಯ ಜೊತೆ ಬಂದ ಸೂಜಿಯಿಲ್ಲದ ಪ್ಲಾಸ್ಟಿಕ್ ಪಿಚಕಾರಿ ನಮ್ಮ ಆಟದ ಸಾಮಾನಾಯಿತು. ಮೊದಲು ಗೊಂಬೆಗೆ ಸೂಜಿಯಾಯಿತು, ಆಮೇಲೆ ಟೀವಿ ನೋಡುತ್ತಿದ್ದ ಅಜ್ಜನಿಗೆ, ಆಮೇಲೆ ನನಗೆ. ನನ್ನ ಸರದಿ ಬಂದರೆ ಹುಡುಗಿಗೆ ಎಲ್ಲಿಲ್ಲದ ಉಮೇದು. ರಟ್ಟೆಯನ್ನು ಒದ್ದೆ ಹತ್ತಿಯಿಂದ ಒರೆಸುವಳು, “ಸಡಿಲ ಬಿಡು” ಎನ್ನುವಳು, ಪಿಚಕಾರಿ ಒತ್ತುವಳು. “ನೋವಾಗತೈತಿ, ಲಗೂನ ಹೋಗತೈತಿ” ಎಂದು ನಾನು ಪಾಠ ಒಪ್ಪಿಸುವೆ.

ಸೂಜಿಯ ಹಿಂದಿನ ದಿನ, ನನ್ನ ಹೆಸರೇ ಬರುತ್ತದೆಂಬ ಖಾತ್ರಿಯಿಂದ ಕೇಳಿದೆ. “ನಾಳೆ ಯಾರ ತೊಡಿ ಮ್ಯಾಲ ಕುಂದರತಿ?”

“ರಬಕವಿ ಆಯಿ.”

“ಯಾಕಬೇ, ನಾ ಇಲ್ಲೇನು?”

“ನೀ ಅಂಜತಿ. ನಾ ಸೂಜಿ ತಂದ್ರ ಕಣ್ಣ ಮುಚ್ಚತಿ.”

“ಅದು ಆಟ ಅಲ್ಲ?”

“ಆಟದಾಗನ ಅಂಜತಿ.”

ಭಾಂಡೆ ತಿಕ್ಕುತ್ತಿದ್ದ ಸೊಸೆ ನಳವನ್ನು ಜೋರಾಗಿ ಬಿಟ್ಟಳು, ನಗು ಕೇಳಿಸಬಾರದೆಂದು. ಹುಡುಗಿ ಹೇಳಿದ್ದರಲ್ಲಿ ತಪ್ಪಿಲ್ಲ. ಸೂಜಿ ಕಂಡರೆ ನನಗೆ ಈ ವಯಸ್ಸಿನಲ್ಲೂ ಅಂಗಾಲು ಬೆವರುತ್ತದೆ. ಇಷ್ಟು ದಿನ ನಾನು ಅವಳಿಗೆ ಧೈರ್ಯ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ, ಅವಳು ನನ್ನ ಮುಖ ನೋಡುತ್ತಿದ್ದಳು.

ಬೀಗತಿಗೆ ನಾನೇ ಫೋನ್ ಹಚ್ಚಬೇಕಾಯಿತು. ಆ ಫೋನಿನ ಬದಲು ಬೇಕಾದರೆ ಎರಡು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದೆ.

“ಅಕ್ಕಾರ, ನಾಳೆ ಬರಾಕ ಆಗತೈತೇನ್ರಿ? ಹುಡುಗಿ ನಿಮ್ಮನ್ನ ಕೇಳಾಕತ್ತಾಳ.”

“ನೀವ ಕರದ ಮ್ಯಾಲ ಬರದ ಹ್ಯಾಂಗ ಇರಲ್ರಿ” ಎಂದಳು. ಆ ‘ನೀವ’ ಮೇಲೆ ಬಿದ್ದ ಒತ್ತನ್ನು ನಾನು ಎಷ್ಟೋ ಹೊತ್ತು ಮನಸ್ಸಿನಲ್ಲಿ ತಿರುವಿ ಹಾಕಿದೆ.

ಬೆಳಿಗ್ಗೆ ಬಸ್ಸಿಳಿದು ಬಂದಳು, ತೊಳೆದು ತೊಳೆದು ಮೆತ್ತಗಾದ ಹಳೇ ಸೀರೆಯಲ್ಲಿ. ನಾನು ಇಸ್ತ್ರಿ ಸೀರೆ ಉಟ್ಟಿದ್ದೆ, ಮದುವೆಗೆ ಹೊರಟವಳ ಹಾಗೆ. ದವಾಖಾನೆಯ ಬಾಕಿನ ಮೇಲೆ ಹುಡುಗಿ ಅವಳ ತೊಡೆ ಏರಿತು. ಸೊಸೆ ಚೀಟಿ ಮಾಡಿಸಲು ನಿಂತಳು. ನನ್ನ ಪಾಲಿಗೆ ಬಂದದ್ದು ಹುಡುಗಿಯ ಚಪ್ಪಲಿ ಮತ್ತು ನೀರಿನ ಬಾಟಲಿ.

ನರ್ಸಬಾಯಿ ತೋಳು ಒರೆಸಿದರು. ಹುಡುಗಿ ತಾನಾಗಿಯೇ “ನೋವಾಗತೈತಿ, ಲಗೂನ ಹೋಗತೈತಿ” ಎಂದಿತು.

“ಭಾಳ ಶಾಣ್ಯಾಕಿ ಅದಾಳ. ಯಾರ ಕಲಿಸ್ಯಾರ ಬೇ?” ಎಂದು ನರ್ಸಬಾಯಿ ಕೇಳಿದ್ದು ಬೀಗತಿಯ ಮುಖ ನೋಡಿ. ಚಪ್ಪಲಿ ಹಿಡಿದವಳನ್ನು ಯಾರು ನೋಡುತ್ತಾರೆ.

ಸೂಜಿ ಒಳಗೆ ಹೋಯಿತು. ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಹುಡುಗಿ ಬೀಗತಿಯ ಎದೆಗೆ ಗುದ್ದುತ್ತಿತ್ತು. “ನೀ ಬಿಗಿ ಹಿಡದಿ. ನೀ ಬ್ಯಾಡ ಹೋಗು” ಎಂದು ಅಳುತ್ತ ತೊಡೆಯಿಂದ ಜಾರಿ, ನೇರ ನನ್ನ ಸೊಂಟಕ್ಕೆ ಬಂದು ಆತುಕೊಂಡಿತು. ಎತ್ತಿಕೊಂಡೆ. ನಗಬಾರದು ಎಂದು ಗೊತ್ತಿತ್ತು, ಅದಕ್ಕೇ ಸೆರಗಿನಿಂದ ಬಾಯಿ ಒರೆಸಿಕೊಂಡೆ.

ಸ್ವಲ್ಪ ಹೊತ್ತು ಕೂತು ಹೋಗಿರಿ ಎಂದರು, ಕೂತೆವು. ಬೀಗತಿ ಸೀರೆಯ ನಿರಿಗೆ ಸರಿಮಾಡಿಕೊಂಡಳು. ಅವಳಿಗೆ ಆಶ್ಚರ್ಯವಾದಂತಿರಲಿಲ್ಲ.

“ಹಿಂಗ ಆಗೂದ್ರಿ” ಎಂದಳು. “ಕೂಸಿದ್ದಾಗೂ ಹಿಂಗ. ಹಿಡದಾಕಿ ಮಾರಿ ಸಂಜೀತನಕ ನೋಡತಿದ್ದಿಲ್ಲ. ಅದಕ್ಕ ನನ್ನ ಮಗಳನ್ನ ಹೊರಗ ಕುಂಡರಿಸಿ ನಾ ಹಿಡೀತಿದ್ದೆ. ಆಕಿ ಹಾಲ ಕುಡಸಬೇಕಲ್ರಿ. ಆಕಿ ಮ್ಯಾಲ ಸಿಟ್ಟಾದ್ರ ಕೂಸು ಏನ ಕುಡೀಬೇಕು?”

ನಾನು ಬಾಟಲಿಯ ಮುಚ್ಚಳ ತಿರುವುತ್ತ ಕೂತೆ. ಐದು ವರ್ಷ ನಾನು ಕರುಬಿದ್ದು ಒದೆಸಿಕೊಳ್ಳುವ ತೊಡೆಗೆ.

“ನಿಮ್ಮದ ಛಲೋರಿ” ಎಂದು ಅವಳೇ ಮುಂದುವರಿಸಿದಳು. “ಸೂಜಿ ಚುಚ್ಚಿಸಿ ಅಳಿಸೂದು ನಾನು. ನಾಕ ದಿನ ಬಿಟ್ಟು ನಕ್ಕೋತ ನಿಮ್ಮ ಮನಿಗೆ ಹೋಗೂದು ಅದು. ನನಗ ಹೊಟ್ಟಿ ಉರೀತಿತ್ತ ನೋಡ್ರಿ.”

ನನ್ನ ಹೊಟ್ಟೆಯ ಸುದ್ದಿ ನಾನು ಎತ್ತಲಿಲ್ಲ. ಬಸ್ಸಿಗೆ ಬಿಡುವಾಗ “ಆಯಿಗೆ ಟಾಟಾ ಮಾಡು” ಎಂದು ಹುಡುಗಿಗೆ ಒಂದು ಸಲ ಹೇಳಿದೆ. ಅದು ನನ್ನ ಕೊರಳಲ್ಲಿ ಮುಖ ಹುದುಗಿಸಿತು. ಎರಡನೇ ಸಲ ಹೇಳಬಹುದಿತ್ತು. ಹೇಳಲಿಲ್ಲ.

ಮಧ್ಯಾಹ್ನ ಹುಡುಗಿಯ ಮೈ ಸ್ವಲ್ಪ ಬಿಸಿಯಾಯಿತು. ತೋಳು ನೋಯುತ್ತದೆಂದು ನನ್ನ ತೊಡೆಯ ಮೇಲೆ ಹೊರಳಾಡಿತು, ನಿದ್ದೆ ಹತ್ತಲಿಲ್ಲ. ನಾನು ಹಣೆ ಮುಟ್ಟುವುದು, ಅದು ಕೈ ಸರಿಸುವುದು, ಹೀಗೇ ನಡೆಯಿತು. ಕೊನೆಗೆ ಕೇಳಿತು, “ರಬಕವಿ ಆಯಿ ಎಲ್ಲಿ ಹೋದ್ಲು?”

“ಊರಿಗೆ ಹೋದ್ಲು. ನೀ ಸಿಟ್ಟಾಗಿದ್ದೆಲ್ಲ?”

“ಸಿಟ್ಟ ಹೋತು. ಫೋನ್ ಹಚ್ಚು.”

ಒಂದು ಹಗಲೂ ಬಾಳಲಿಲ್ಲ ನನ್ನ ಗೆಲುವು. ಫೋನ್ ಹಚ್ಚಿದೆ. ಆ ಕಡೆಯಿಂದ ಬೀಗತಿ ಏನೂ ಕೇಳದೆ, “ತಡಿ ಬಂಗಾರಾ” ಎಂದು ಫೋನನ್ನು ಮಗ್ಗದ ಹತ್ತಿರ ಒಯ್ದಳು. ಖಟಖಟ ನಮ್ಮ ಪಡಸಾಲೆ ತುಂಬಿತು. ಹುಡುಗಿ ಫೋನನ್ನು ದಿಂಬಿನ ಹಾಗೆ ಕಿವಿಗೆ ಒತ್ತಿಕೊಂಡಿತು, ಕಾಲು ನನ್ನ ಮೇಲೆ ಚೆಲ್ಲಿತು. ನನ್ನ ತೊಡೆ ಜೋಮು ಹಿಡಿಯಿತು.

ಎಷ್ಟೋ ಹೊತ್ತಿನ ಮೇಲೆ ಮಗ್ಗದ ಸದ್ದಿನ ನಡುವಿನಿಂದ ಬೀಗತಿಯ ದನಿ ಕೇಳಿತು. “ಮಲಗಿದ್ಲೇನ್ರಿ? ಇಡಲ್ಯಾ?”

ಹುಡುಗಿ ಆಗಲೇ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

“ಇನ್ನೂ ಇಲ್ರಿ” ಎಂದೆ. “ಇನ್ನೊಂದೀಟು ಹಿಡದಿರ್ರಿ.”