ಏನೂ ಇಲ್ಲ ಎಂದ ಯಂತ್ರ

ಚಿಕ್ಕಬಳ್ಳಾಪುರದ ಹೊರಗೆ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಹೆಚ್ಚಾಗಿ ಬರುತ್ತಿದ್ದದ್ದು ದ್ರಾಕ್ಷಿ. ಹಣ್ಣಿನ ಮೇಲೆ ಕೀಟನಾಶಕ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿ ಹೇಳುವುದು ನಮ್ಮ ಕೆಲಸ. ಒಂದು ಸೀಸನ್ನಿನ ಕೊನೆಗೆ ಎಲ್ಲ ದ್ರಾಕ್ಷಿಯೂ ಶುದ್ಧವಾಗಿ ಬರತೊಡಗಿತು. ಯಾವುದೋ ಒಂದು ತೋಟದ್ದಲ್ಲ, ಎಲ್ಲ ತೋಟದ್ದೂ. ಇದು ರೈತರಲ್ಲಿ ಜಾಗೃತಿ ಮೂಡಿದ ಲಕ್ಷಣ ಎಂದರು ನಮ್ಮ ಇನ್‌ಚಾರ್ಜ್. ನನಗೆ ಯಂತ್ರದ ಮೇಲೇ ಅನುಮಾನ.

ಆ ಯಂತ್ರದೊಳಗೆ ಎಲೆಕ್ಟ್ರಾನ್ ಮಲ್ಟಿಪ್ಲೈಯರ್ ಎಂಬ ಭಾಗವಿದೆ. ಕಿರುಬೆರಳಿನಷ್ಟು ಉದ್ದದ ಸಣ್ಣ ಕೊಂಬಿನ ಹಾಗಿರುತ್ತದೆ. ಹಣ್ಣಿನಲ್ಲಿ ಔಷಧಿ ಚೂರೇ ಚೂರು ಇದ್ದರೆ ಅದರಿಂದ ಹುಟ್ಟುವ ಸಂಕೇತವೂ ಅಷ್ಟೇ ಕ್ಷೀಣ, ಹಾಗೇ ಅಳೆಯಲು ಬರುವುದಿಲ್ಲ. ಆ ಕೊಂಬಿನ ಒಳಗೋಡೆಗೆ ಒಂದು ಕಣ ಬಡಿದರೆ ಎರಡೋ ಮೂರೋ ಎಲೆಕ್ಟ್ರಾನುಗಳು ಚಿಮ್ಮುತ್ತವೆ. ಅವು ಮುಂದಕ್ಕೆ ಹಾರಿ ಮತ್ತೆ ಗೋಡೆಗೆ ಬಡಿದು ಇನ್ನಷ್ಟನ್ನು ಎಬ್ಬಿಸುತ್ತವೆ. ತುದಿ ಮುಟ್ಟುವಷ್ಟರಲ್ಲಿ ಒಂದು ಹೋಗಿ ಲಕ್ಷಗಟ್ಟಲೆ ಆಗಿರುತ್ತದೆ. ಬಳಸುತ್ತ ಬಳಸುತ್ತ ಒಳಗಿನ ಲೇಪ ಸವೆದು ಚಿಮ್ಮುವುದು ಕಡಿಮೆಯಾಗುತ್ತದೆ. ಆಗ ವೋಲ್ಟೇಜ್ ಏರಿಸಿದರೆ ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಮತ್ತೆ ಏರಿಸಬೇಕು. ನಮ್ಮದು ಇನ್ನು ಏರಿಸಲಾಗದ ಮಟ್ಟಕ್ಕೆ ಬಂದು ನಿಂತಿತ್ತು.

"ಸರ್, ಅದನ್ನ ಬದಲಾಯಿಸ್ಬೇಕು," ಎಂದೆ.

"ಓಡ್ತಾ ಇದೆ ಅಲ್ವೇನಮ್ಮ?"

"ಓಡ್ತಿದೆ ಸರ್. ಅದಕ್ಕೆ ಏನೂ ಕಾಣಿಸ್ತಿಲ್ಲ ಅಷ್ಟೆ."

"ಏನೂ ಇಲ್ದೆ ಇದ್ರೆ ಏನು ಕಾಣಿಸ್ತದೆ? ಇನ್ನೊಂಚೂರು ವೋಲ್ಟೇಜ್ ಕೊಟ್ಟು ನೋಡು."

ಈ ಮಾತು ಎಷ್ಟು ಸಲ ಆಯಿತೋ. ಅಷ್ಟರಲ್ಲಿ ದಿಬ್ಬೂರಹಳ್ಳಿ ಕಡೆಯ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನ ತುಂಬ ಹಿಪ್ಪುನೇರಳೆ ಸೊಪ್ಪು ಹಿಡಿದು ಬಂದರು. ರೇಷ್ಮೆಹುಳು ಸಾಕುವವರು. ಸಿಟ್ಟು ಏರಿದಾಗಲೆಲ್ಲ ಅವರ ಕನ್ನಡದೊಳಗೆ ತೆಲುಗು ನುಸುಳುತ್ತಿತ್ತು.

"ಚೂಡಮ್ಮಾ, ಹುಳ ನಾಲ್ಕನೇ ಜ್ವರ ಎದ್ದಿದ್ವು. ಬೆಳಿಗ್ಗೆ ಸೊಪ್ಪು ಹಾಕ್ದೆ. ಮಧ್ಯಾಹ್ನಕ್ಕೆಲ್ಲ ತಲೆ ಆಡಿಸ್ಕೊಂಡು, ಹಸಿರು ಕಕ್ಕಿ ಸತ್ತೋದ್ವು. ಪಕ್ಕದ ದ್ರಾಕ್ಷಿ ತೋಟದೋನು ಔಷಧಿ ಹೊಡ್ದಿದ್ದು ಗಾಳೀಲಿ ಬಂದಿರೋದು. ನೀವು ಬರ್ದು ಕೊಡಿ, ನಾನು ಪಂಚಾಯ್ತಿ ಸೇರಿಸ್ತೀನಿ."

ನಾಲ್ಕನೇ ಜ್ವರ ಎಂದರೆ ಹುಳು ಕೊನೆಯ ಸಲ ಪೊರೆ ಬಿಡುವ ಹೊತ್ತು. ಅಲ್ಲಿಂದ ಮುಂದೆ ಹೊಟ್ಟೆಬಾಕನ ಹಾಗೆ ಮೇದು ಗೂಡು ಕಟ್ಟುವುದೊಂದೇ ಬಾಕಿ. ಶಿಡ್ಲಘಟ್ಟದಲ್ಲಿ ನಮ್ಮ ಅಬ್ಬಾ ಗೂಡಿನಿಂದ ನೂಲು ಬಿಚ್ಚುವ ಕಸುಬಿನವರು, ಆದ್ದರಿಂದ ಆ ಹಂತದಲ್ಲಿ ಹುಳು ಸಾಯುವುದೆಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸೊಪ್ಪನ್ನು ಅಂದೇ ಅರೆದು ಪರೀಕ್ಷೆಗೆ ಹಾಕಿದೆ. ಏನೂ ಬರಲಿಲ್ಲ. ನಾನು ಬೇಡವೆನ್ನುತ್ತಿದ್ದ ಹಾಗೆಯೇ ಇನ್‌ಚಾರ್ಜ್ 'ಪತ್ತೆಯಾಗಿಲ್ಲ' ಎಂಬ ವರದಿಗೆ ರುಜು ಹಾಕಿ ಕಳಿಸಿಬಿಟ್ಟರು.

ಆಕೆ ವರದಿ ಹಿಡಿದು ವಾಪಸು ಬಂದರು. "ಹಂಗಾದ್ರೆ ನನ್ನ ಹುಳ ಸತ್ತಿದ್ದು ಸುಳ್ಳಾ?"

ಒಳಗೆ ಹೋಗಿ, ಅಬ್ಬಾಗೆ ಪರಿಚಯದವರ ತೋಟದಿಂದ ತರಿಸಿದ ಒಳ್ಳೆಯ ಸೊಪ್ಪಿಗೆ ನಾನೇ ಕೀಟನಾಶಕ ಬೆರೆಸಿ ಪರೀಕ್ಷೆಗಿಟ್ಟೆ. ಅದರಲ್ಲೂ ಏನೂ ಇಲ್ಲ ಎಂದಿತು ಯಂತ್ರ. ಇನ್‌ಚಾರ್ಜ್‌ಗೆ ತೋರಿಸಿದೆ. "ನೀನು ಸರಿಯಾಗಿ ಬೆರೆಸಿರಲ್ಲ," ಎಂದರು. ಅವರ ಕಣ್ಣೆದುರೇ ಇನ್ನಷ್ಟು ಬೆರೆಸಿದೆ. ಆಗಲೂ ಪರದೆ ಖಾಲಿ. ಕೊನೆಗೆ ರೋಸಿಹೋಗಿ, ಯಾವ ಎಲೆಯ ಮೇಲೂ ಇರಲಾರದಷ್ಟು ಸುರಿದು ಹಾಕಿದೆ. ಪರದೆಯ ಮೇಲೆ ಸಣ್ಣದೊಂದು ಗುಬುಟು ಎದ್ದಿತು.

"ಕಾಣಿಸ್ತಲ್ಲಮ್ಮ," ಎಂದರು ಅವರು ಸಮಾಧಾನದಿಂದ. "ಮತ್ತೆ ಕೆಟ್ಟಿದೆ ಅಂತೀಯ."

ಇನ್ನು ಮುಂದೆ ಯಾವ ವರದಿಗೂ ನನ್ನ ರುಜು ಇಲ್ಲ ಎಂದು ಹೇಳಿ ಪೆನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ವಿಶ್ಲೇಷಕಿಯ ರುಜು ಇಲ್ಲದೆ ವರದಿ ಹೊರಗೆ ಹೋಗುವಂತಿಲ್ಲ. ಸೊಪ್ಪಿನ ವರದಿಗೆ ಮಾತ್ರ ಅವರು ಆ ನಿಯಮವನ್ನು ಮರೆತಿದ್ದರು. ಮೂತಿ ಊದಿಸಿಕೊಂಡೇ ಹೊಸ ಭಾಗಕ್ಕೆ ಆರ್ಡರ್ ಹಾಕಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಕಂಪನಿಯ ಸರ್ವಿಸ್ ಇಂಜಿನಿಯರ್ ಫೋನಿನಲ್ಲಿ, "ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?" ಎಂದು ಕೇಳಿದ. ಭಾಗ ಬೆಂಗಳೂರಿನಿಂದ ಹೊರಟಿತು, ಆದರೆ ಕೊರಿಯರಿನವರು ಅದನ್ನು ಚಿಂತಾಮಣಿ ಚೀಲಕ್ಕೆ ಹಾಕಿದ್ದರು. ನಾಳೆ ಬರುತ್ತದೆ, ನಾಳೆ ಬರುತ್ತದೆ ಎನ್ನುವುದನ್ನು ಕೇಳಿ ಸಾಕಾಗಿ ನಾನೇ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆ. ಧೂಳು ತಾಗಬಾರದು, ಕುಲುಕಬಾರದು ಎಂದು ಬರೆದ ಪೆಟ್ಟಿಗೆ ಮಿಕ್ಸಿಯೊಂದರ ಡಬ್ಬದಡಿಯಲ್ಲಿ ಬಿದ್ದಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದವರು, "ಸ್ವೀಟಾ ಅಮ್ಮ?" ಎಂದು ಕೇಳಿದರು. ಹೌದು ಎಂದುಬಿಟ್ಟೆ.

ಇಂಜಿನಿಯರ್ ಬಂದು ಯಂತ್ರ ಬಿಚ್ಚಿ ಹೊಸದನ್ನು ಕೂರಿಸಿದ. ಒಳಗಿನ ಗಾಳಿಯನ್ನೆಲ್ಲ ಪಂಪು ಎಳೆದು ಮುಗಿಸುವವರೆಗೆ ಕಾದು, ಫ್ರೀಜರಿನಲ್ಲಿ ಉಳಿಸಿದ್ದ ದಿಬ್ಬೂರಹಳ್ಳಿಯ ಸೊಪ್ಪನ್ನು ಮೊದಲು ಹಾಕಿದೆ. ಚೂಪಾದ ಗೆರೆ ಎದ್ದು ನಿಂತಿತು. ಔಷಧಿ ಇತ್ತು.

ಆಕೆಯನ್ನು ಕರೆಸಿ ಔಷಧಿಯ ಹೆಸರು ಹೇಳಿದೆ. ಮುಖ ಅರಳಿತು. ಪಂಚಾಯಿತಿಗೆ ಹೊರಟೇಬಿಡುವ ಹಾಗೆ ಸೆರಗು ಸಿಕ್ಕಿಸಿಕೊಂಡರು. ಆದರೆ ಅದು ನಮ್ಮ ಕಡೆ ದ್ರಾಕ್ಷಿಗೆ ಹೊಡೆಯುವ ಔಷಧಿಯಲ್ಲ, ಟೊಮ್ಯಾಟೊಗೆ ಹೊಡೆಯುವುದು.

"ಟೊಮ್ಯಾಟೊ ಯಾರಾದ್ರೂ ಹಾಕಿದಾರಾ ಅಲ್ಲಿ?" ಎಂದು ಕೇಳಿದೆ.

ಆಕೆ ಸಿಕ್ಕಿಸಿದ್ದ ಸೆರಗನ್ನು ಸಡಿಲಿಸಿದರು. "ನಾವೇ ಹಾಕಿದೀವಿ. ದೂರ ಐತೆ, ಬಾವಿ ಆ ಕಡೆ."

"ಸೊಪ್ಪಿಗೆ ಏನಾದ್ರೂ ಹೊಡೆದ್ರಾ?"

"ಔಷಧಿ ಇಲ್ಲಮ್ಮ. ಎಲೆ ದಪ್ಪ ಆಗ್ಲಿ ಅಂತ ಟಾನಿಕ್ಕು. ನಮ್ಮನೆಯೋರು ಟೊಮ್ಯಾಟೊಗೆ ಹೊಡೆಯೋ ಕ್ಯಾನಲ್ಲೇ ಹೊಡೆದ್ರು. ತೊಳೆದೀನಿ ಅಂದ್ರು."

ಔಷಧಿ ಇದೆಯೆಂದು ಹೇಳಬಹುದು, ಎಲ್ಲಿಂದ ಬಂತೆಂದು ನಮ್ಮ ಯಂತ್ರ ಹೇಳಲಾರದು ಎಂದೆ. ಅವರ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. "ಅವತ್ತು ಏನೂ ಇಲ್ಲ ಅಂದ್ರಿ. ಇವತ್ತು ನಮ್ಮ ಕ್ಯಾನಿಗೆ ತಂದು ಇಡ್ತೀರ. ನಿಮ್ಮ ಮಿಷನ್ನಿಗೆ ಒಂದು ನಾಲಿಗೆ ಇಲ್ವಾ?"

ಒಂದು ನಾಲಿಗೆ ಇರಲಿ ಎಂದೇ ನಾನು ಅಷ್ಟೆಲ್ಲ ಒದ್ದಾಡಿದ್ದು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದ್ರಾಕ್ಷಿಯನ್ನೂ ಮತ್ತೆ ಪರೀಕ್ಷಿಸಿ, ಕೆಲವು ಹಳೆಯ ವರದಿಗಳನ್ನು ತಪ್ಪೆಂದು ಹಿಂದಕ್ಕೆ ಪಡೆಯಬೇಕಾಯಿತು. ಆ ತೋಟದವರಿಗೆಲ್ಲ ಫೋನ್ ಮಾಡಿ ಬೈಸಿಕೊಳ್ಳುವ ಕೆಲಸವನ್ನು ಇನ್‌ಚಾರ್ಜ್ ನನಗೇ ವಹಿಸಿದರು. "ನಿಂಗೆ ಎಲ್ಲಾ ಚೆನ್ನಾಗಿ ಗೊತ್ತಲ್ಲಮ್ಮ," ಎಂದರು.

ಮಳೆಗಾಲ ಶುರುವಾದ ಮೇಲೆ ಆಕೆಯೇ ಒಂದು ದಿನ ಫೋನ್ ಮಾಡಿದರು. ಸೊಪ್ಪಿಗೆಂದೇ ಬೇರೆ ಕ್ಯಾನು ತಂದಿದ್ದರಂತೆ. ಈ ಸಲದ ಹುಳು ಚೆನ್ನಾಗಿ ಮೇದು ಗೂಡು ಕಟ್ಟಿತಂತೆ. ಪಕ್ಕದ ತೋಟದವರ ಜೊತೆ ಈಗ ಮಾತುಕತೆ ಇದೆಯೇ ಎಂದು ಕೇಳಿದೆ.

"ಎಲ್ಲಿ ಮಾತಮ್ಮ," ಎಂದರು. "ಆ ಸಲ ಅವನು ಹೊಡೀದೆ ಇರ್ಬೌದು. ಆದ್ರೂ ಅವನು ಅಂಥೋನೇ."